ಹತ್ತು ವರ್ಷದ ಗ್ಯಾರಂಟಿ, ಒಂದೇ ಮಳೆಗೆ ಸೋರಿದ ತಾರಸಿ

ಪ್ರಶ್ನೆ: ನಾಗರಬಾವಿಯಲ್ಲಿ 30×40 ಸೈಟಿನಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ಕಟ್ಟಿ 18 ವರ್ಷವಾಯಿತು. ಮುಂದೆ ಇನ್ನೊಂದು ಮಹಡಿ ಎಬ್ಬಿಸೋಣ ಎಂದು ತಾರಸಿಯ ಮೇಲೆ ಪಿಲ್ಲರ್ ಕಂಬಿ ಬಿಟ್ಟಿದ್ದೇವೆ. ಮೂರು ವರ್ಷದಿಂದ ಮಳೆ ಬಂದರೆ ಮೇಲಿನ ಬೆಡ್‌ರೂಮಿನ ಮೂಲೆ ನೆನೆಯುತ್ತದೆ, ಹಾಲಿನ ಫ್ಯಾನ್ ಹುಕ್ಕಿನಿಂದ ನೀರು ತೊಟ್ಟಿಕ್ಕುತ್ತದೆ. ಹೋದ ಬೇಸಿಗೆಯಲ್ಲಿ 900 ಚದರಡಿ ತಾರಸಿಗೆ ಬಿಳಿ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆಸಿದೆವು. ಹತ್ತು ವರ್ಷ ಗ್ಯಾರಂಟಿ ಅಂದಿದ್ದರು. ಸೆಪ್ಟೆಂಬರ್ ಮಳೆಗೆ ಮತ್ತೆ ಸೋರಿತು. ಈಗ ಒಬ್ಬ ಮೇಸ್ತ್ರಿ ಮೇಲೆ 3 ಇಂಚು ಕಾಂಕ್ರೀಟ್ ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಶೀಟ್ ಹೊದಿಸಿ ಅನ್ನುತ್ತಾರೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗಳು, ಅಲ್ಲಿ ಸೂರಿನಂಚಿನಲ್ಲಿ ಮಂಜುಗಡ್ಡೆ ಕಟ್ಟಿ ನೀರು ಒಳಗೆ ಬಾರದಿರಲೆಂದು ಅಂಟಿಸುವ ಹಾಳೆಯನ್ನೇ ಇಲ್ಲೂ ಹಾಕಿಸಿ ಅನ್ನುತ್ತಾಳೆ. ಯಾವುದನ್ನು ಮಾಡಿಸಲಿ?

ಉತ್ತರ: ಸದ್ಯಕ್ಕೆ ಈ ಮೂರರಲ್ಲಿ ಯಾವುದೂ ಬೇಡ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಗೊತ್ತಾಗುವ ಮೊದಲೇ ಯಾವ ಮಾಲು ಹಾಕಬೇಕು ಎಂಬ ಚರ್ಚೆ ಶುರುವಾಗಿದೆ. ನಿಮ್ಮ ಹೋದ ವರ್ಷದ ದುಡ್ಡು ಹೋದದ್ದೂ ಹೀಗೆಯೇ.

ಮೊದಲು ತುರ್ತಿನ ಮಾತು. ಫ್ಯಾನ್ ಹುಕ್ಕಿನಿಂದ ನೀರು ಬರುತ್ತಿದೆ ಎಂದರೆ ಮೋಲ್ಡಿನೊಳಗೆ, ಅಂದರೆ ಕಾಂಕ್ರೀಟ್ ಸೂರಿನೊಳಗೆ, ಹೂತಿರುವ ವೈರಿಂಗ್ ಪೈಪಿಗೆ ನೀರು ನುಗ್ಗಿದೆ. ಹಾಲಿನ ಆ ಸರ್ಕ್ಯೂಟಿನ ಎಂಸಿಬಿ (ಮೀಟರ್ ಬೋರ್ಡಿನ ಸ್ವಿಚ್ಚು) ಇಳಿಸಿ. ಎಲೆಕ್ಟ್ರಿಷಿಯನ್ ಬಂದು ಪೈಪು ಒಣಗಿದೆ, ವೈರಿನ ಇನ್ಸುಲೇಷನ್ ಸರಿಯಿದೆ ಎಂದು ಪರೀಕ್ಷಿಸುವವರೆಗೆ ಫ್ಯಾನ್ ಹಾಕಬೇಡಿ. ಸೀಲಿಂಗಿನಲ್ಲಿ ಪ್ಲಾಸ್ಟರು ಅಥವಾ ಜಿಪ್ಸಂ ಉಬ್ಬಿದ್ದರೆ ಕೆಳಗೆ ಬಕೆಟ್ ಇಟ್ಟು, ಉಬ್ಬಿನ ನಡುವೆ ಸ್ಕ್ರೂಡ್ರೈವರಿನಿಂದ ಒಂದು ತೂತು ಮಾಡಿ ನೀರು ಇಳಿಸಿ. ಇಲ್ಲವಾದರೆ ನೀರಿನ ಭಾರಕ್ಕೆ ಇಡೀ ಹಲಗೆ ಕಳಚಿ ಬೀಳುತ್ತದೆ. ಮಳೆ ನಿಲ್ಲುವವರೆಗೆ ಟಾರ್ಪಾಲಿನ್ ಹಾಕುವುದಾದರೆ ಬರೀ ನೆಲಕ್ಕೆ ಹಾಸಿದರೆ ಪ್ರಯೋಜನವಿಲ್ಲ. ತಾರಸಿಯ ಸುತ್ತಲಿನ ಪ್ಯಾರಾಪೆಟ್ ಗೋಡೆಯ ತಲೆ ದಾಟಿ ಹೊರಮೈಗೆ ಒಂದಡಿ ಇಳಿಬಿದ್ದಿರಲಿ, ಅಂಚಿಗೆ ಇಟ್ಟಿಗೆ ಅಥವಾ ಮರಳಿನ ಚೀಲ ಹೇರಿ. ಮೊಳೆ ಹೊಡೆಯಲು ಮಾತ್ರ ಯಾರಿಗೂ ಬಿಡಬೇಡಿ.

ನೀರು ಬರುವ ಹೊತ್ತನ್ನು ಬರೆದಿಡಿ

ಸೋರಿಕೆಯ ಕಾರಣದ ಅರ್ಧ ಭಾಗ ಅದರ ವೇಳೆಯಲ್ಲೇ ಸಿಗುತ್ತದೆ. ಮಳೆ ಶುರುವಾದ ಅರ್ಧ ಗಂಟೆಯೊಳಗೆ ತೊಟ್ಟಿಕ್ಕಿದರೆ ಬಿರುಕೋ ಪೈಪಿನ ಸಂದೋ ನೇರವಾಗಿ ಬಾಯಿ ಬಿಟ್ಟಿದೆ. ಮಳೆ ನಿಂತ ಮಾರನೇ ದಿನ ಶುರುವಾಗಿ ಎರಡು ಮೂರು ದಿನ ಜಿನುಗಿದರೆ, ಮೋಲ್ಡಿನ ಮೇಲಿರುವ ಗಾರೆ ಅಥವಾ ಇಟ್ಟಿಗೆ ಚೂರಿನ ಪದರ ನೀರು ಕುಡಿದು ನಿಧಾನವಾಗಿ ಬಿಡುತ್ತಿದೆ. ಫೆಬ್ರವರಿಯಲ್ಲೂ ಗೋಡೆ ತೇವವಾಗಿದ್ದರೆ ಅದು ಬರೀ ಮಳೆನೀರು ಆಗಿರಲಿಕ್ಕಿಲ್ಲ. ಆಗ ಓವರ್‌ಹೆಡ್ ಟ್ಯಾಂಕಿನ ಪೈಪು, ಟ್ಯಾಂಕ್ ತುಂಬಿ ಹರಿಯುವ ನೀರು, ಸೋಲಾರ್ ವಾಟರ್ ಹೀಟರಿನ ಏರ್‌ವೆಂಟಿನಿಂದ ತೊಟ್ಟಿಕ್ಕುವ ಬಿಸಿನೀರು, ಇವುಗಳನ್ನು ನೋಡಬೇಕು. ರಾತ್ರಿ ಮಲಗುವಾಗ ಟ್ಯಾಂಕಿಗೆ ನೀರು ಬರುವ ವಾಲ್ವನ್ನೂ ಮನೆಗೆ ಇಳಿಯುವ ವಾಲ್ವನ್ನೂ ಮುಚ್ಚಿ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟ್ಯಾಂಕೋ ವಾಲ್ವಿನವರೆಗಿನ ಪೈಪೋ ಸೋರುತ್ತಿದೆ. ಮಾರನೇ ರಾತ್ರಿ ಇಳಿಯುವ ವಾಲ್ವನ್ನು ತೆರೆದಿಟ್ಟು, ಮನೆಯ ನಲ್ಲಿಗಳನ್ನೆಲ್ಲ ಬಿಗಿಮಾಡಿ ಇದನ್ನೇ ಮಾಡಿದರೆ ಕೆಳಗಿನ ಪೈಪುಗಳ ಹಣೆಬರಹವೂ ತಿಳಿಯುತ್ತದೆ. ಖರ್ಚಿಲ್ಲದ ಪರೀಕ್ಷೆ, ಆದರೂ ಇದನ್ನು ಮಾಡದೆ ತಾರಸಿಗೆ ಸಾವಿರಾರು ರೂಪಾಯಿ ಸುರಿದವರು ಬಹಳ.

ಕೆಳಗೆ ತೊಟ್ಟಿಕ್ಕುವ ಜಾಗಕ್ಕೆ ನೇರ ಮೇಲೆಯೇ ತೂತು ಇದೆ ಅಂದುಕೊಳ್ಳಬೇಡಿ. ವೈರಿಂಗ್ ಪೈಪು ಮೋಲ್ಡಿನೊಳಗೆ ಹತ್ತು ಹದಿನೈದು ಅಡಿ ಓಡಿರುತ್ತದೆ. ಪಿಲ್ಲರ್ ಕಂಬಿಯ ಬುಡದಲ್ಲಿ ಒಳಹೋದ ನೀರು ಆ ಪೈಪಿನ ಸಂದಿಗೆ ಸಿಕ್ಕಿದರೆ ಹಾಲಿನ ನಟ್ಟನಡುವೆ ಫ್ಯಾನ್ ಬಾಕ್ಸಿನಲ್ಲಿ ಇಳಿಯುತ್ತದೆ. ಆದ್ದರಿಂದ ಫ್ಯಾನಿನ ನೆತ್ತಿಯ ಮೇಲೆ ತಾರಸಿ ಒಡೆಸುವುದು ವ್ಯರ್ಥ.

ಬೆಡ್‌ರೂಮಿನ ಮೂಲೆಗೆ ಬೇರೆ ಪರೀಕ್ಷೆ ಬೇಕು. ಅಲ್ಲಿಗೆ ನೀರು ಬರಲು ಕನಿಷ್ಠ ಐದು ದಾರಿಗಳಿವೆ: ಹೊರಗೋಡೆಯಲ್ಲಿ ಮೋಲ್ಡಿನ ಕೆಳಗೆ ಅಡ್ಡಡ್ಡ ಬಿದ್ದ ಬಿರುಕು, ಕಿಟಕಿ ಸಜ್ಜಾ ಗೋಡೆಗೆ ಸೇರುವ ಗೆರೆ, ತಾರಸಿ ನೆಲ ಮತ್ತು ಪ್ಯಾರಾಪೆಟ್ ಸೇರುವ ಮೂಲೆ, ಪ್ಯಾರಾಪೆಟ್ಟಿನ ತಲೆಯ ಬಿರುಕು, ಮಳೆನೀರಿನ ಪೈಪು ಹೊರಬೀಳುವ ಬಾಯಿ. ಮಳೆಯಿಲ್ಲದ ದಿನ ತೋಟದ ಹೋಸ್ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಸಜ್ಜಾ ಮೇಲೆ 15 ನಿಮಿಷ, ಆಮೇಲೆ ಮೋಲ್ಡಿನ ಕೆಳಗಿನ ಗೋಡೆಗೆ 15 ನಿಮಿಷ, ಆಮೇಲೆ ತಾರಸಿಯೊಳಗೆ ಪ್ಯಾರಾಪೆಟ್ಟಿನ ಬುಡ, ಪ್ಯಾರಾಪೆಟ್ಟಿನ ಮೈ, ಕೊನೆಗೆ ತಲೆ. ಮನೆಯವರೊಬ್ಬರು ಒಳಗೆ ಟಾರ್ಚ್ ಹಿಡಿದು ಮೂಲೆಯನ್ನೇ ನೋಡುತ್ತಿರಲಿ. ಎಲ್ಲಿಗೆ ಬಂದಾಗ ಒಳಗೆ ಕಪ್ಪಾಗುತ್ತದೋ ಅದೇ ದಾರಿ. ಮೇಲಿನಿಂದ ಶುರುಮಾಡಿದರೆ ಇಳಿದ ನೀರು ಎಲ್ಲವನ್ನೂ ನೆನೆಸಿ ಏನೂ ಗೊತ್ತಾಗದಂತೆ ಮಾಡಿಬಿಡುತ್ತದೆ.

ತಾರಸಿಯ ನೆಲವನ್ನು ಪರೀಕ್ಷಿಸಲು ನೀರು ಕಟ್ಟಿ ನೋಡಬೇಕು. ಇಡೀ ತಾರಸಿಗೆ ಒಮ್ಮೆಲೇ ಬೇಡ. ಮರಳು ಗಾರೆಯ 3 ಇಂಚು ಎತ್ತರದ ಸಣ್ಣ ಕಟ್ಟೆ ಕಟ್ಟಿ ಮೂರು ನಾಲ್ಕು ಭಾಗ ಮಾಡಿ. ಎಲ್ಲಕ್ಕಿಂತ ತಗ್ಗಿನ ಭಾಗದಿಂದ ಶುರು. ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಪ್ಲಗ್ಗು ಬಡಿದು, 25ರಿಂದ 50 ಮಿ.ಮೀ. ನೀರು ನಿಲ್ಲಿಸಿ 48 ಗಂಟೆ ಬಿಡಿ. ಬಿಸಿಲಿನಲ್ಲಿ ದಿನಕ್ಕೆ ನಾಲ್ಕೈದು ಮಿ.ಮೀ. ಆವಿಯಾಗುವುದು ಸಹಜ. ಪಕ್ಕದಲ್ಲೇ ಅಗಲ ಬಾಯಿಯ ಬೇಸಿನ್ನಿನಲ್ಲಿ ಅಷ್ಟೇ ನೀರಿಟ್ಟು ಎರಡನ್ನೂ ಹೋಲಿಸಿ ನೋಡಿ. 50 ಮಿ.ಮೀ. ನೀರು ಚದರ ಮೀಟರಿಗೆ 50 ಕೆಜಿ, ಗಟ್ಟಿ ಮೋಲ್ಡಿಗೆ ಇದು ಭಾರವಲ್ಲ. ಆದರೆ ಸೀಲಿಂಗಿನಲ್ಲಿ ತುಕ್ಕಿನ ಕಂದು ಗೆರೆ ಇದ್ದರೆ, ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ, ಅಥವಾ ಹಳೆಯ ಕಲ್ಲುಚಪ್ಪಡಿಯ ಸೂರಾಗಿದ್ದರೆ ನೀರು ಕಟ್ಟಬೇಡಿ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಇನ್ನೊಂದು ಕೆಲಸವನ್ನು ಮಳೆ ಇರುವಾಗಲೇ ಮಾಡಬೇಕು, ಜನವರಿಗೆ ಮುಂದೂಡಿದರೆ ಅವಕಾಶ ತಪ್ಪುತ್ತದೆ. ಜೋರು ಮಳೆ ನಿಂತ ಎರಡು ಗಂಟೆ ಬಿಟ್ಟು ತಾರಸಿಗೆ ಹೋಗಿ ನಿಂತ ನೀರಿನ ಅಂಚಿಗೆ ಪೆನ್ಸಿಲ್ ಅಥವಾ ಪೇಂಟಿನಿಂದ ಗೆರೆ ಎಳೆಯಿರಿ. ಎರಡು ದಿನ ಬಿಟ್ಟು ಮತ್ತೆ ನೋಡಿ. 48 ಗಂಟೆಯಾದರೂ ನೀರು ಉಳಿದ ಕಡೆಯೆಲ್ಲ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಕೆಟ್ಟಿದೆ. ಮುಂದಿನ ಕೆಲಸದ ನಕ್ಷೆ ಅದೇ.

ಹೋದ ವರ್ಷದ ಕೋಟಿಂಗ್ ಏಕೆ ನಿಲ್ಲಲಿಲ್ಲ

ಲೆಕ್ಕ ಹಾಕೋಣ. 900 ಚದರಡಿ ಎಂದರೆ ಸುಮಾರು 83.6 ಚದರ ಮೀಟರ್. ಇಷ್ಟು ಜಾಗಕ್ಕೆ ಸಾಮಾನ್ಯವಾಗಿ ತರುವುದು 20 ಲೀಟರಿನ ಒಂದು ಬಕೆಟ್. ಹಚ್ಚಿದಾಗ ಅದರ ದಪ್ಪ 0.24 ಮಿ.ಮೀ. ನೀರು ಬೆರೆಸಿದ ಅಕ್ರಿಲಿಕ್ ಮಾಲಿನಲ್ಲಿ ಒಣಗಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಅಂದರೆ ನಿಮ್ಮ ತಾರಸಿಯ ಮೇಲೆ ಉಳಿದದ್ದು 0.12 ಮಿ.ಮೀ., ನೋಟ್‌ಬುಕ್ಕಿನ ಒಂದು ಹಾಳೆಯಷ್ಟು. ಬಿಸಿಲಿಗೆ ತೆರೆದಿರುವ ತಾರಸಿಗೆ ಒಣಗಿದ ಮೇಲೆ 1 ಮಿ.ಮೀ. ದಪ್ಪ ಬೇಕು, ಅದಕ್ಕೆ ಚದರ ಮೀಟರಿಗೆ 2 ಲೀಟರ್ ಆಗಬೇಕು. ನಿಮ್ಮ ತಾರಸಿಗೆ ಸುಮಾರು 167 ಲೀಟರ್, ಎಂಟರಿಂದ ಒಂಬತ್ತು ಬಕೆಟ್. ‘ಎರಡು ಕೋಟ್’, ‘ಮೂರು ಕೋಟ್’ ಎಂಬುದು ಅಳತೆಯೇ ಅಲ್ಲ. ನೀರು ಬೆರೆಸಿ ತೆಳ್ಳಗೆ ಮಾಡಿ ಐದು ಕೋಟ್ ಬೇಕಾದರೂ ಹೊಡೆಯಬಹುದು. ಕೇಳಬೇಕಾದದ್ದು ಒಣಗಿದ ಮೇಲೆ ಎಷ್ಟು ಮಿಲಿಮೀಟರ್, ಒಟ್ಟು ಎಷ್ಟು ಕೆಜಿ ಅಥವಾ ಲೀಟರ್ ಎಂದು.

ಇಷ್ಟು ದಪ್ಪ ಹಾಕಿದ್ದರೂ ನೀರು ನಿಲ್ಲುವ ಕಡೆ ಅದು ಬಹಳ ಕಾಲ ಬಾಳುತ್ತಿರಲಿಲ್ಲ. ಬಕೆಟ್‌ನಲ್ಲಿ ಸಿಗುವ ಬಿಳಿ ಅಕ್ರಿಲಿಕ್ ಮಾಲು ಹರಿದುಹೋಗುವ ನೀರಿಗೆ ಸರಿ. ದಿನಗಟ್ಟಲೆ ನಿಂತ ನೀರಿಗೆ ಮೆತ್ತಗಾಗಿ ಉಬ್ಬಿ ಸಿಪ್ಪೆಯಂತೆ ಏಳುತ್ತದೆ. ಜೊತೆಗೆ ಮೋಲ್ಡು ಸುಮ್ಮನೆ ಮಲಗಿರುವ ವಸ್ತುವಲ್ಲ. ಕಾಂಕ್ರೀಟ್ ಒಂದು ಡಿಗ್ರಿ ಬಿಸಿಗೆ ಮೀಟರಿಗೆ 0.01 ಮಿ.ಮೀ. ಹಿಗ್ಗುತ್ತದೆ. ಬೆಂಗಳೂರಿನ ಹವೆ ತಂಪು ಎಂದರೂ ಏಪ್ರಿಲ್ ಮಧ್ಯಾಹ್ನದ ತಾರಸಿಯ ಮೈಗೂ ಬೆಳಗಿನ ಜಾವದ ಮೈಗೂ 30 ಡಿಗ್ರಿ ವ್ಯತ್ಯಾಸ ಬಂದರೆ, 40 ಅಡಿ ಉದ್ದದ ಮೋಲ್ಡು ಸುಮಾರು 3.7 ಮಿ.ಮೀ. ಹಿಗ್ಗಿ ಕುಗ್ಗಲು ನೋಡುತ್ತದೆ. ಅದರ ಮೇಲೆ ಕೂತ ಸಾಲಿಡ್ ಬ್ಲಾಕಿನ ಪ್ಯಾರಾಪೆಟ್ ಅಷ್ಟೇ ಪ್ರಮಾಣದಲ್ಲಿ ಕದಲುವುದಿಲ್ಲ. ಬಿರುಕು ಬೀಳುವುದು ಇವೆರಡರ ನಡುವಿನ ಮೂಲೆಯಲ್ಲಿ, ಮೋಲ್ಡಿಗೂ ಕೆಳಗಿನ ಗೋಡೆಗೂ ನಡುವೆ. 0.12 ಮಿ.ಮೀ. ಪದರ ಅಲ್ಲಿ ಮೊದಲ ಬೇಸಿಗೆಗೇ ಹರಿದಿರುತ್ತದೆ.

ಹೀಗಾಗಿ ಗ್ಯಾರಂಟಿ ಕಾಗದ ಹಿಡಿದು ಜಗಳ ಆಡುವುದರಲ್ಲಿ ಅರ್ಥವಿಲ್ಲ. ಅಂಥ ಕಾಗದದಲ್ಲಿ ನೀರು ನಿಲ್ಲುವುದು, ಬಿರುಕು, ಕಟ್ಟಡದ ಚಲನೆ ಇವುಗಳನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತಾರೆ. ಉಳಿದ ಕಾರಣಕ್ಕೆ ಸೋರುವ ತಾರಸಿ ಅಪರೂಪ.

3 ಇಂಚು ಕಾಂಕ್ರೀಟ್, ಶೀಟು, ಅಂಟು ಹಾಳೆ

ಕಾಂಕ್ರೀಟಿನ ಸಲಹೆಯನ್ನು ಖಂಡಿತ ಒಪ್ಪಬೇಡಿ. 75 ಮಿ.ಮೀ. ಕಾಂಕ್ರೀಟ್ ಚದರ ಮೀಟರಿಗೆ 180 ಕೆಜಿ, ನಿಮ್ಮ ತಾರಸಿಗೆ ಒಟ್ಟು 15 ಟನ್. ಜನ ಓಡಾಡುವ ತಾರಸಿಗೆ ಎಂಜಿನಿಯರುಗಳು ಲೆಕ್ಕ ಹಿಡಿಯುವ ಬಳಕೆಯ ಭಾರವೇ ಚದರ ಮೀಟರಿಗೆ 150 ಕೆಜಿ. ಈ ಒಂದು ಪದರದಲ್ಲೇ ಅದು ಮುಗಿದು ಮೇಲೆ 30 ಕೆಜಿ ಹೆಚ್ಚಾಯಿತು. ಮೊದಲಿನ ಗಾರೆ ಪದರ, ಟ್ಯಾಂಕು, ಸೋಲಾರ್, ಹೂಕುಂಡಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಳೇ ಬಡಾವಣೆಗಳಲ್ಲಿ ಒಂದರ ಮೇಲೊಂದು ಮೂರು ಪದರ ಹಾಕಿಸಿಕೊಂಡ ತಾರಸಿಗಳಿವೆ. ಸೋರಿಕೆ ನಿಂತಿರುವುದಿಲ್ಲ, ಮೋಲ್ಡು ಬಾಗಿ ನಡುವೆ ಇನ್ನಷ್ಟು ನೀರು ನಿಲ್ಲುತ್ತದೆ. ಕಾಂಕ್ರೀಟ್ ತಾನೇ ಬಿರುಕು ಬಿಡುವ ವಸ್ತು. ಅದು ನೀರು ತಡೆಯುತ್ತದೆ ಎನ್ನುವುದಾದರೆ ಕೆಳಗಿನ ಮೋಲ್ಡೇ ತಡೆಯಬೇಕಿತ್ತು.

ಶೀಟ್ ಹೊದಿಸಿದರೆ ಮಳೆ ನಿಲ್ಲುತ್ತದೆ, ನಿಜ. ಬಟ್ಟೆ ಒಣಗಿಸಲು ನೆರಳೂ ಆಗುತ್ತದೆ. ಆದರೆ ಕಬ್ಬಿಣದ ಕಂಬ ನಿಲ್ಲಿಸಲು ಪ್ಯಾರಾಪೆಟ್ಟಿಗೆ, ಮೋಲ್ಡಿಗೆ ಬೋಲ್ಟ್ ಹೊಡೆಯುತ್ತಾರೆ. ಓರೆ ಮಳೆಗೆ ನೆನೆಯುವ ಹೊರಗೋಡೆಯ ಬಿರುಕು ಹಾಗೇ ಉಳಿಯುತ್ತದೆ, ನಿಮ್ಮ ಬೆಡ್‌ರೂಮಿನ ಮೂಲೆ ಅದರದ್ದೇ ಆಗಿದ್ದರೆ ಶೀಟು ಬಂದರೂ ನೆನೆಯುತ್ತಲೇ ಇರುತ್ತದೆ. ಮುಂದೆ ಮಹಡಿ ಎಬ್ಬಿಸುವ ಯೋಚನೆ ಇರುವವರಿಗೆ ಇದು ದುಬಾರಿ ತಾತ್ಕಾಲಿಕ ವ್ಯವಸ್ಥೆ. ಹಾಕಿಸಿಯೇ ತೀರುತ್ತೇವೆ ಎಂದರೆ ಕನಿಷ್ಠ 5 ಡಿಗ್ರಿ ಇಳಿಜಾರು, ಶೀಟಿನ ಉದ್ದದ ಕೂಡಿಕೆಯಲ್ಲಿ 150 ಮಿ.ಮೀ. ಒಂದರ ಮೇಲೊಂದು, ಸ್ಕ್ರೂಗಳು ಉಬ್ಬಿನ ಮೇಲೆ ರಬ್ಬರ್ ವಾಷರ್ ಸಮೇತ, ಅಂಚಿಗೆ ಗಟರು, ಗಟರಿನಿಂದ ಪೈಪು. ಗಟರಿಲ್ಲದ ಶೀಟಿನ ನೀರು ಪಕ್ಕದ ಮನೆಯ ಗೋಡೆಗೆ ಬೀಳುತ್ತದೆ, ಆಮೇಲಿನ ಮಾತುಕತೆ ನಿಮಗೆ ಗೊತ್ತಿರುವುದೇ.

ಇನ್ನು ಮಗಳ ಸಲಹೆ. ಮಿನಿಯಾಪೊಲಿಸ್‌ನ ತೊಂದರೆಯ ಮೂಲ ಬೇರೆ. ಅಲ್ಲಿ ಮನೆಯೊಳಗಿನ ಬಿಸಿ ಅಟ್ಟಕ್ಕೆ ಸೋರಿ ಇಳಿಜಾರು ಸೂರಿನ ಮೇಲಿನ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಕರಗಿದ ನೀರು ಹರಿದು ಗೋಡೆಯಾಚೆಗೆ ಚಾಚಿರುವ ತಣ್ಣನೆಯ ಅಂಚಿಗೆ ಬಂದು ಮತ್ತೆ ಗಡ್ಡೆ ಕಟ್ಟುತ್ತದೆ. ಅದರ ಹಿಂದೆ ನಿಂತ ನೀರು ಮೇಲ್ಮುಖವಾಗಿ ಸೂರಿನ ಪದರಗಳ ಕೆಳಗೆ ನುಗ್ಗುತ್ತದೆ. ಅಲ್ಲಿಯ ನಿಜವಾದ ಮದ್ದು ಅಟ್ಟದ ನೆಲಕ್ಕೆ ಇನ್ಸುಲೇಷನ್, ಬಿಸಿಗಾಳಿ ಸೋರುವ ಸಂದುಗಳನ್ನು ಮುಚ್ಚುವುದು, ಅಟ್ಟದಲ್ಲಿ ಹೊರಗಾಳಿ ಆಡುವಂತೆ ಮಾಡುವುದು. ಅಂಟು ಹಾಳೆ ಎರಡನೇ ರಕ್ಷೆ ಅಷ್ಟೆ. ಸೂರಿನ ಅಂಚಿನಿಂದ ಶುರುವಾಗಿ ಹೊರಗೋಡೆಯ ಗೆರೆ ದಾಟಿ 24 ಇಂಚು ಒಳಗಿನವರೆಗೆ ಹಾಕಬೇಕೆಂದು ಅಲ್ಲಿಯ ಕಟ್ಟಡ ನಿಯಮ ಹೇಳುತ್ತದೆ. ಅಂಥ ಹಾಳೆ ಇಲ್ಲೂ ಸಿಗುತ್ತದೆ, 1.5 ಮಿ.ಮೀ. ದಪ್ಪದ ಡಾಂಬರಿನ ಅಂಟು ಪದರ, ಮೇಲೆ ಪ್ಲಾಸ್ಟಿಕ್. ಬಿಸಿಲಿಗೆ ಬಿಟ್ಟರೆ ಹಾಳಾಗುತ್ತದೆ, ಮೇಲೆ ಗಾರೆ ಪದರ ಬೇಕೇ ಬೇಕು. ಒದ್ದೆ ಮೋಲ್ಡಿಗೆ ಅಂಟುವುದೂ ಇಲ್ಲ. ಹಾಗಾಗಿ ನಿಮ್ಮ ತಾರಸಿಗೆ ಇದು ಮೊದಲ ಆಯ್ಕೆಯಲ್ಲ.

ಆದರೆ ಗಡ್ಡೆಯ ಹಿಂದೆ ನೀರು ನಿಲ್ಲುವ ತೊಂದರೆ ಬೆಂಗಳೂರಿಗೂ ಒಂದು ರೀತಿಯಲ್ಲಿ ಉಂಟು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಆಲಿಕಲ್ಲು ಬಿದ್ದಾಗ, ಅದು ಹೊಂಗೆ, ಗುಲ್‌ಮೊಹರ್ ಮರಗಳ ಎಲೆಯ ಜೊತೆ ಸೇರಿ ಪೈಪಿನ ಬಾಯಿಯ ಜಾಲರಿಯನ್ನು ಹತ್ತೇ ನಿಮಿಷದಲ್ಲಿ ಮುಚ್ಚುತ್ತದೆ. ಸುತ್ತ ಪ್ಯಾರಾಪೆಟ್ ಇರುವ ತಾರಸಿ ಆಗ ತೊಟ್ಟಿಯಾಗುತ್ತದೆ. 2024ರ ಜೂನ್ 2ರಂದು ನಗರದಲ್ಲಿ ಒಂದೇ ದಿನ 111.1 ಮಿ.ಮೀ. ಮಳೆಯಾಯಿತು. ನಿಮ್ಮ ತಾರಸಿಯ ಮೇಲೆ ಅದು 9,288 ಲೀಟರ್ ನೀರು.

ಆದ್ದರಿಂದ ಮೊದಲು ನೀರಿಗೆ ದಾರಿ

100 ಮಿ.ಮೀ. ಅಂದರೆ 4 ಇಂಚಿನ ಒಂದು ಪೈಪು, ಗಂಟೆಗೆ 100 ಮಿ.ಮೀ. ಸುರಿಯುವ ಮಳೆಯಲ್ಲಿ ಸುಮಾರು 42 ಚದರ ಮೀಟರ್ ತಾರಸಿಯ ನೀರನ್ನು ಹೊರಹಾಕಬಲ್ಲದು. ನಿಮ್ಮದಕ್ಕೆ ಇಂಥ ಎರಡು ಪೈಪು ಬೇಕು. 30×40 ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಅದೂ ಕೆಲವೊಮ್ಮೆ ಮೂರಿಂಚಿನದು. ಎರಡನೆಯದನ್ನು ಎದುರು ಮೂಲೆಯಲ್ಲಿ ಹಾಕಿಸಿ. ಬಾಯಿಗೆ ಚಪ್ಪಟೆ ಜಾಲರಿ ಬೇಡ, ಗುಮ್ಮಟದಂತೆ ಮೇಲೆದ್ದದ್ದು ಇರಲಿ, ಎಲೆ ಬುಡದಲ್ಲಿ ಸಿಕ್ಕರೂ ನೀರು ಮೇಲಿನಿಂದ ಇಳಿಯುತ್ತದೆ. ಇದರ ಜೊತೆಗೆ ಪ್ಯಾರಾಪೆಟ್ಟಿನಲ್ಲಿ ತಾರಸಿ ನೆಲದಿಂದ 2 ಇಂಚು ಎತ್ತರದಲ್ಲಿ ರಸ್ತೆ ಕಡೆಗೆ ಚಾಚುವ ಒಂದು ಪೈಪಿನ ತುಂಡು ಇಡಿಸಿ. ಸಾಮಾನ್ಯ ದಿನಗಳಲ್ಲಿ ಅದರಲ್ಲಿ ನೀರು ಬರುವುದಿಲ್ಲ. ಬಂದ ದಿನ ಮುಖ್ಯ ಪೈಪು ಕಟ್ಟಿದೆ ಎಂದು ಕೆಳಗಿನಿಂದಲೇ ಗೊತ್ತಾಗುತ್ತದೆ.

ಪೈಪು ಮೋಲ್ಡನ್ನು ಅಥವಾ ಪ್ಯಾರಾಪೆಟ್ಟನ್ನು ದಾಟುವ ಜಾಗದಲ್ಲೇ ಬಹಳಷ್ಟು ಸೋರಿಕೆ. ಪಿವಿಸಿ ಮೈ ನುಣುಪು, ಸಿಮೆಂಟ್ ಅದಕ್ಕೆ ಹಿಡಿಯುವುದಿಲ್ಲ. ಗಾರೆ ಒಣಗುವಾಗ ಕುಗ್ಗಿ ಸುತ್ತ ಕೂದಲೆಳೆ ಸಂದು ಉಳಿಯುತ್ತದೆ. ಪೈಪಿನ ಸುತ್ತ 2 ಇಂಚು ಅಗಲ ಕೆತ್ತಿ, ಪೈಪಿನ ಮೈಯನ್ನು ಒರಟು ಕಾಗದದಿಂದ ತಿಕ್ಕಿ, ಪಿವಿಸಿ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಒಣಗುವ ಮೊದಲೇ ಒರಟು ಮರಳು ಉದುರಿಸಿ. ಅದು ಗಟ್ಟಿಯಾದ ಮೇಲೆ ಕುಗ್ಗದ ಗ್ರೌಟ್ ತುಂಬಿ, ಮೇಲೆ ಅರ್ಧ ಇಂಚು ಕಾಲುವೆ ಬಿಟ್ಟು ಅದಕ್ಕೆ ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲಂಟ್ ಕೊಡಿ. ಪೈಪಿನ ಬಾಯಿ ಸುತ್ತಲಿನ ನೆಲಕ್ಕಿಂತ ಕಾಲಿಂಚಾದರೂ ತಗ್ಗಿರಬೇಕು. ಎಷ್ಟೋ ತಾರಸಿಗಳಲ್ಲಿ ಅದೇ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ!

ಇಳಿಜಾರು 100ಕ್ಕೆ 1ಕ್ಕಿಂತ ಕಡಿಮೆ ಇರಬಾರದು, 80ಕ್ಕೆ 1 ಇದ್ದರೆ ಚೆನ್ನ. ನೀರು 18 ಅಡಿ ಹರಿಯಬೇಕಾದ ಕಡೆ ಎರಡೂಕಾಲು ಇಂಚಿನಷ್ಟು ಎತ್ತರದ ವ್ಯತ್ಯಾಸ ಬೇಕು. ರಸಮಟ್ಟ ಒಂದರಿಂದ ಇಷ್ಟು ದೂರ ನೋಡಲಾಗದು, ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ನಾಲ್ಕೂ ಮೂಲೆಗೆ ಗುರುತು ಹಾಕಿಸಿ. ಮೊದಲಿನ ಗಾರೆಯನ್ನು ಕೋಲಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆಯಷ್ಟನ್ನೂ ಕೆತ್ತಿ ತೆಗೆದು ಕೆಳಗಿಳಿಸಬೇಕು. ಗಟ್ಟಿಯಿರುವ ಕಡೆ ತಗ್ಗುಗಳನ್ನಷ್ಟೇ ತುಂಬಿದರೆ ಸಾಕು. ಒಂದಿಂಚು ಗಾರೆ ಚದರ ಮೀಟರಿಗೆ 50 ಕೆಜಿ ದಾಟುತ್ತದೆ, ಇಡೀ ತಾರಸಿಗೆ ಹರಡಿದರೆ ನಾಲ್ಕು ಟನ್ನಿಗೂ ಹೆಚ್ಚು. ಹಾಗಾಗಿ ‘ಎಲ್ಲ ಕಡೆ ಒಂದೆರಡಿಂಚು ಎಳೆದುಬಿಡೋಣ’ ಎಂಬ ಮಾತಿಗೆ ಒಪ್ಪಬೇಡಿ.

ಹೊಸ ಗಾರೆ 1 ಪಾಲು ಸಿಮೆಂಟಿಗೆ 4 ಪಾಲು ಮರಳು, ಎಂ ಸ್ಯಾಂಡ್ ಆದರೆ ತೊಳೆದು ಜರಡಿ ಹಿಡಿದದ್ದು. ಹಳೆಯ ಮೈಯನ್ನು ರಾತ್ರಿಯೇ ನೆನೆಸಿಟ್ಟು, ಮೇಲೆ ನಿಂತ ನೀರು ಹೋದ ಮೇಲೆ ಲೇಟೆಕ್ಸ್ (ಅಂಟು ಹೆಚ್ಚಿಸುವ ದ್ರವ) ಬೆರೆಸಿದ ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮೊದಲೇ ಗಾರೆ ಹಾಕಬೇಕು. ಒಣಗಿದ ಹಾಲಿನ ಮೇಲೆ ಹಾಕಿದರೆ ಅದೇ ಜಾರುವ ಪದರವಾಗಿ ಗಾರೆ ಏಳುತ್ತದೆ. ಪೈಪಿನ ಬಾಯಿಯಲ್ಲಿ 20 ಮಿ.ಮೀ.ಗಿಂತ ತೆಳ್ಳಗಾಗಬಾರದು. ಹತ್ತು ಅಡಿಗೊಂದರಂತೆ ಕಾಲಿಂಚು ಅಗಲದ ಸಂದು ಬಿಟ್ಟು ಆಮೇಲೆ ಸೀಲಂಟ್ ತುಂಬಿ. ಸಂದು ಬಿಡದಿದ್ದರೆ ಗಾರೆ ತನಗೆ ಬೇಕಾದ ಕಡೆ ಬಿರುಕು ಮಾಡಿಕೊಳ್ಳುತ್ತದೆ. ಚೀಲಕ್ಕೆ 200 ಮಿ.ಲೀ. ವಾಟರ್‌ಪ್ರೂಫ್ ದ್ರವ ಹಾಕುವುದು ಒಳ್ಳೆಯದೇ, ಆದರೆ ಅದನ್ನೇ ವಾಟರ್‌ಪ್ರೂಫಿಂಗ್ ಎಂದು ಬಿಲ್ ಮಾಡಲು ಬಿಡಬೇಡಿ. ಏಳು ದಿನ ನೀರು ನಿಲ್ಲಿಸಿ ಕ್ಯೂರಿಂಗ್, ಆಮೇಲೆ ಕೋಟಿಂಗಿಗೆ ಮೊದಲು ಕನಿಷ್ಠ ಎರಡು ವಾರ ಒಣಗಲು ಬಿಡಿ.

ಸಂದುಗಳು, ಕಂಬಿಗಳು, ಅರಳಿ ಗಿಡ

ಬಿರುಕು ಇನ್ನೂ ಕದಲುತ್ತಿದೆಯೇ ಎಂದು ಮೊದಲು ತಿಳಿಯಿರಿ. ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಚೂರು ಮೆತ್ತಿ ತಾರೀಖು ಬರೆಯಿರಿ. ಎರಡು ವಾರದೊಳಗೆ ಸೀಳಿದರೆ ಜೀವಂತ ಬಿರುಕು. ಅಂಥದಕ್ಕೆ ಸಿಮೆಂಟ್ ತುಂಬಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. 10 ಮಿ.ಮೀ. ಅಗಲ, ಅಷ್ಟೇ ಆಳದ ಕಾಲುವೆ ಕತ್ತರಿಸಿ, ದೂಳು ಊದಿ ತೆಗೆದು, ಪಾಲಿಯುರೆಥೇನ್ ಸೀಲಂಟ್ ತುಂಬಬೇಕು. ಸತ್ತ ಬಿರುಕಿಗೆ ಲೇಟೆಕ್ಸ್ ಗಾರೆ ಸಾಕು. ಪ್ಯಾರಾಪೆಟ್ ಬುಡದ ಮೂಲೆಯುದ್ದಕ್ಕೂ ಹೀಗೇ ಕತ್ತರಿಸಿ ಸೀಲಂಟ್ ಕೊಟ್ಟು, ಮೇಲೆ 2 ಇಂಚು ಗಾತ್ರದಲ್ಲಿ ಗಾರೆಯಿಂದ ಮೂಲೆಯನ್ನು ಗುಂಡಗೆ ಮಾಡಿ. ಕೋಟಿಂಗ್ ಚೂಪು ಮೂಲೆಯಲ್ಲಿ ಯಾವಾಗಲೂ ತೆಳ್ಳಗಾಗುತ್ತದೆ, ಅದಕ್ಕೇ ಈ ಗುಂಡು. ಪ್ಯಾರಾಪೆಟ್ಟಿನ ತಲೆ ತಾರಸಿಯ ಕಡೆಗೆ ಇಳಿಜಾರಾಗಿರಲಿ, ಅದಕ್ಕೂ ಕೋಟಿಂಗ್ ಬೇಕು. ತಾರಸಿ ಪೂರ್ತಿ ಮಾಡಿಸಿ ತಲೆಯನ್ನು ಬಿಟ್ಟ ಕೆಲಸಗಳು ಎಷ್ಟೋ ಇವೆ.

ಪಿಲ್ಲರ್ ಕಂಬಿಗಳು ನಿಮ್ಮ ಹಾಲಿನ ಸೋರಿಕೆಗೆ ನನ್ನ ಮೊದಲ ಅನುಮಾನ. 18 ವರ್ಷ ಬಯಲಲ್ಲಿ ನಿಂತ ಕಂಬಿಯ ಬುಡದಲ್ಲಿ ತುಕ್ಕು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ, ನೀರು ಕಂಬಿಯನ್ನೇ ಹಿಡಿದು ಕೆಳಗಿಳಿಯುತ್ತದೆ. ವೈರ್ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿಸಿ ಜಿಂಕ್ ಪ್ರೈಮರ್ ಬಳಿಸಿ. ಬುಡದ ಸಡಿಲ ಕಾಂಕ್ರೀಟ್ ಕೆತ್ತಿ ಲೇಟೆಕ್ಸ್ ಗಾರೆ ತುಂಬಿ, ಕೋಟಿಂಗನ್ನು ಕಂಬಿಯ ಮೇಲೆ ನಾಲ್ಕಿಂಚು ಹತ್ತಿಸಿ. ಆಮೇಲೆ ಕಂಬಿಗಳ ಗುಚ್ಛವನ್ನು ಬಡ ಕಾಂಕ್ರೀಟಿನಲ್ಲಿ, ಅಂದರೆ ಸಿಮೆಂಟ್ ಕಡಿಮೆ ಹಾಕಿದ ಕಾಂಕ್ರೀಟಿನಲ್ಲಿ, ಪೂರ್ತಿ ಮುಚ್ಚಿ, ತಲೆಯನ್ನು ಇಳಿಜಾರು ಮಾಡಿ. ಮುಂದೆ ಮಹಡಿ ಎಬ್ಬಿಸುವಾಗ ಇದನ್ನು ಸುಲಭವಾಗಿ ಒಡೆಯಬಹುದು. ಕಂಬಿ ಸವೆದು ಸಣ್ಣಗಾಗಿದ್ದರೆ ಅದರ ಮೇಲೆ ಮಹಡಿ ನಿಲ್ಲಿಸಬಹುದೇ ಎಂಬುದು ಎಂಜಿನಿಯರ್ ಹೇಳಬೇಕಾದ ಮಾತು.

ಪ್ಯಾರಾಪೆಟ್ಟಿನ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ, ಆಲದ ಸಸಿ ಎದ್ದಿದ್ದರೆ ಮೇಲೆ ಮುರಿದರೆ ಸಾಲದು. ಆ ಜಾಗವನ್ನು ಕೆತ್ತಿ ಬೇರು ಸಮೇತ ತೆಗೆದು ಗಾರೆ ತುಂಬಬೇಕು. ಮೆಟ್ಟಿಲಿನ ಮೇಲಿನ ಹೆಡ್‌ರೂಮ್ ಬಾಗಿಲಿನ ಹೊಸಿಲು ತಾರಸಿಗಿಂತ 6 ಇಂಚು ಎತ್ತರವಿದೆಯೇ ನೋಡಿ. ಟ್ಯಾಂಕ್ ತುಂಬಿ ಹರಿಯುವ ಪೈಪನ್ನು ನೇರ ಮಳೆನೀರಿನ ಬಾಯಿಗೆ ಎಳೆಯಿರಿ. ಸೋಲಾರ್ ಕಾಲುಗಳು ಮೋಲ್ಡಿಗೆ ಬೋಲ್ಟ್ ಆಗಿದ್ದರೆ ಬಿಚ್ಚಿ, ಬಿಡಿ ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂರಿಸಿ. ಗಾಳಿಗೆ ಏಳದಷ್ಟು ದಿಮ್ಮಿಯ ತೂಕ ಎಷ್ಟೆಂದು ಸೋಲಾರಿನವರಿಂದ ಲೆಕ್ಕ ಪಡೆಯಿರಿ.

ಕೋಟಿಂಗ್ ಕೊನೆಗೆ

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಮಧ್ಯದವರೆಗಿನ ಕಾಲ ಸರಿ. ಏಪ್ರಿಲ್ ಬಂತೆಂದರೆ ಸಂಜೆ ಮಳೆ ನಂಬುವ ಹಾಗಿಲ್ಲ. ಹಳೆಯ ಬಿಳಿ ಪದರವನ್ನು ಪೂರ್ತಿ ಕೆರೆದು ತೆಗೆಯಿರಿ, ಏಳುತ್ತಿರುವ ಪದರದ ಮೇಲೆ ಹೊಸದನ್ನು ಹಾಕಿದರೆ ಎರಡೂ ಒಟ್ಟಿಗೆ ಏಳುತ್ತವೆ. ಪಾಚಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ ಒತ್ತಡದ ನೀರಿನಿಂದ ತೊಳೆಸಿ. ಆ ಹೊತ್ತಿಗೆ ಮಳೆಕೊಯ್ಲಿನ ಸಂಪಿಗೆ ಹೋಗುವ ವಾಲ್ವ್ ಮುಚ್ಚಿರಲಿ. ಕೋಟಿಂಗ್ ಮುಗಿದ ಮೇಲಿನ ಮೊದಲ ಎರಡು ಮೂರು ಮಳೆಯ ನೀರನ್ನೂ ಸಂಪಿಗೆ ಬಿಡದೆ ಹೊರಗೆ ಹರಿಸಿ.

ಒಣಗಿದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ಸಂಜೆ ಅಂಟಿಸಿ. ಬೆಳಿಗ್ಗೆ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೊಂದು ವಾರ ಕಾಯಿರಿ. ಒದ್ದೆಯ ಮೇಲೆ ಹಚ್ಚಿದರೆ ಬಿಸಿಲಿಗೆ ಆವಿ ಎದ್ದು ಗುಳ್ಳೆಯಾಗುತ್ತದೆ.

ನಿಮ್ಮ ತಾರಸಿಗೆ ನಾನು ಆರಿಸುವುದು ಎರಡು ಹಂತದ ಪದ್ಧತಿ. ಮೊದಲು ಪುಡಿ ಮತ್ತು ದ್ರವ ಕಲಸಿ ಹಚ್ಚುವ ಅಕ್ರಿಲಿಕ್ ಸಿಮೆಂಟ್ ಮಾಲು, ಚದರ ಮೀಟರಿಗೆ 2 ಕೆಜಿ, ಎರಡು ಕೋಟಿನಲ್ಲಿ. ಒಟ್ಟು 167 ಕೆಜಿ, ಪ್ಯಾರಾಪೆಟ್ ಬುಡದಲ್ಲಿ ಒಂದಡಿ ಹತ್ತಿಸಲು ಇನ್ನು 25 ಕೆಜಿ. ಇದಕ್ಕೆ ತುಸು ತೇವದ ಮೈ ನಡೆಯುತ್ತದೆ. ಮೊದಲ ಕೋಟ್ ಹಸಿಯಾಗಿರುವಾಗಲೇ ಮೂಲೆಗಳಿಗೆ, ಪೈಪಿನ ಬಾಯಿಗೆ, ಬಿರುಕುಗಳ ಮೇಲೆ ಗ್ಲಾಸ್ ಫೈಬರ್ ಜಾಲರಿ ಒತ್ತಿ. ಎರಡನೇ ಕೋಟ್ ಮೊದಲಿನದಕ್ಕೆ ಅಡ್ಡ ದಿಕ್ಕಿನಲ್ಲಿ ಹೊಡೆಯಬೇಕು. ಅದು ಗಟ್ಟಿಯಾದ ಮೇಲೆ ಬಿಸಿಲು ತಡೆಯುವ ಬಿಳಿ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಪದರ. ಇದರಲ್ಲಿ ಕೈ ಬಿಗಿಹಿಡಿಯಬಹುದು, ನೀರು ತಡೆಯುವ ಭಾರ ಕೆಳಗಿನ ಪದರದ್ದು. ಬಿಳಿಯ ಕೆಲಸ ಮೋಲ್ಡನ್ನು ತಂಪಾಗಿಟ್ಟು ಅದರ ಹಿಗ್ಗುವಿಕೆಯನ್ನು ಕಡಿಮೆ ಮಾಡುವುದು. ನಡುಮಧ್ಯಾಹ್ನ ಹಚ್ಚಬೇಡಿ, ಮೇಲೆ ಮಾತ್ರ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಏಳು ದಿನ ಬಿಟ್ಟು 48 ಗಂಟೆ ನೀರು ಕಟ್ಟಿ ಪರೀಕ್ಷೆ.

ಗ್ಯಾಸ್ ಟಾರ್ಚಿನಿಂದ ಅಂಟಿಸುವ ಡಾಂಬರ್ ಮೆಂಬ್ರೇನೂ ಒಳ್ಳೆಯದೇ, ಆದರೆ ಕಂಬಿ, ಪೈಪು, ಕಾಲು ಇಷ್ಟಿರುವ ಸಣ್ಣ ತಾರಸಿಯಲ್ಲಿ ಪ್ರತಿಯೊಂದರ ಸುತ್ತ ಕತ್ತರಿಸಿ ಸೇರಿಸಬೇಕು. ಸಂದು ಹೆಚ್ಚಾದಷ್ಟೂ ಸೋಲುವ ಜಾಗ ಹೆಚ್ಚು. ಅಡೆತಡೆಯಿಲ್ಲದ ದೊಡ್ಡ ಅಪಾರ್ಟ್‌ಮೆಂಟ್ ತಾರಸಿಗೆ ಅದನ್ನು ಆರಿಸಬಹುದು.

ಕೆಲಸ ಕೊಡುವಾಗ ಚದರಡಿ ದರದ ಪಕ್ಕದಲ್ಲಿ ಮಾಲಿನ ಹೆಸರು, ಒಟ್ಟು ಕೆಜಿ, ಒಣಗಿದ ದಪ್ಪ, ಪ್ಯಾರಾಪೆಟ್ಟಿನ ಮೇಲೆ ಎಷ್ಟು ಎತ್ತರ ಎಂಬುದನ್ನು ಬರೆಸಿಕೊಳ್ಳಿ. ಡಬ್ಬಗಳು ಸೀಲ್ ಸಮೇತ ಮನೆಗೆ ಬರಲಿ, ಖಾಲಿ ಡಬ್ಬಗಳನ್ನು ನೀವೇ ಎಣಿಸಿ ಇಟ್ಟುಕೊಳ್ಳಿ. ಹಣದ ಐದನೇ ಒಂದು ಭಾಗವನ್ನು ನೀರು ಕಟ್ಟಿದ ಪರೀಕ್ಷೆ ಮುಗಿಯುವವರೆಗೆ ಕೊಡಬೇಡಿ. ಇಷ್ಟು ಬರೆದುಕೊಡಲು ಒಪ್ಪದವರಿಗೆ ಕೆಲಸ ಕೊಡುವುದೂ ಬೇಡ.

ಒಳಗಿನ ಪೇಂಟಿಗೆ ಅವಸರ ಮಾಡಬೇಡಿ. ಸೀಲಿಂಗಿನ ಬಿಳಿ ಪುಡಿ ಸಿಮೆಂಟಿನಿಂದ ನೀರು ತೊಳೆದು ತಂದ ಸುಣ್ಣ. ಅದನ್ನು ಒಣ ಬ್ರಷ್‌ನಿಂದ ಉದುರಿಸಿ. ನೀರು ಹಾಕಿ ತೊಳೆದರೆ ಮತ್ತೆ ಒಳಗೆ ಹೋಗಿ ಹೊರಬರುತ್ತದೆ. ತಾರಸಿ ಕೆಲಸ ಫೆಬ್ರವರಿಯಲ್ಲಿ ಮುಗಿದರೆ ಮೋಲ್ಡಿನಲ್ಲಿ ಉಳಿದ ನೀರು ಕೆಳಮುಖವಾಗಿ ಆರಲು ಬೇಸಿಗೆ ಪೂರ್ತಿ ಬೇಕು. ಅಷ್ಟರೊಳಗೆ ಸೀಲಿಂಗಿಗೆ ‘ಡ್ಯಾಂಪ್ ಪ್ರೂಫ್’ ಪೇಂಟ್ ಹೊಡೆದರೆ ಆರುವ ದಾರಿಯೇ ಮುಚ್ಚಿ ಪದರ ಉಬ್ಬುತ್ತದೆ. ಮೇ ತಿಂಗಳ ಎರಡು ಮೂರು ಗಟ್ಟಿ ಮಳೆ ಹೋಗಲಿ, ಮೂಲೆ ಒಣಗಿಯೇ ಉಳಿದರೆ ಆಗ ಪುಟ್ಟಿ, ಪೇಂಟ್ ಮಾಡಿಸಿ.